ಕುದುರೆ ಬಾಲಕ್ಕೆ ಕಟ್ಟಿದ ಹಣ

ಕುಮಟೆಯ ಮೀನುಪೇಟೆಯಲ್ಲಿ ಬಂಗಡೆ ಕೊಳ್ಳಲು ನಿಂತ ಗಿರಾಕಿ ಮೊದಲು ಮಾಡುವ ಕೆಲಸವೆಂದರೆ ಮೀನಿನ ಕಿವಿರು ಎತ್ತಿ ನೋಡುವುದು. ‘ಇವತ್ತಿನದೇ ಬಂಗಡೆ ಅಮ್ಮಾ, ಕಣ್ಣು ಮುಚ್ಚಿ ತಕ್ಕೊಂಡು ಹೋಗಿ’ ಎಂದು ಮಾರುವಾಕೆ ಎಷ್ಟೇ ಹೇಳಲಿ, ಕೊಳ್ಳುವವರು ಕಣ್ಣು ಮುಚ್ಚುವುದಿಲ್ಲ. ಕಿವಿರು ಕೆಂಪಗಿದ್ದರೆ ಮಾತು ನಿಜ, ಕಂದಿದ್ದರೆ ಮೀನು ನಿನ್ನೆಯದು. ಹೀಗೆ ಪರೀಕ್ಷಿಸಿದರೆಂದು ಮಾರುವಾಕೆಗೆ ಅವಮಾನವಿಲ್ಲ, ಕೊಳ್ಳುವವರಿಗೂ ಸಂಕೋಚವಿಲ್ಲ. ಮಾತಿಗೆ ಸಾಕ್ಷಿ ಕೈಯಲ್ಲೇ ಇರುವುದರಿಂದ ಇಬ್ಬರ ನಡುವೆ ವಿಶ್ವಾಸ ಉಳಿದುಕೊಂಡಿದೆ.

ಆದರೆ ಕಿವಿರು ಎತ್ತಿ ನೋಡಲಾಗದ ಸರಕೂ ಲೋಕದಲ್ಲಿ ಉಂಟು. ಸರಕು ಇರುವುದು ಎಲ್ಲೋ ದೂರದಲ್ಲಿ. ಅದರ ಗುಣ ಬಲ್ಲವರು ಒಬ್ಬಿಬ್ಬರು. ಹಣ ಹಾಕುವವನಿಗೆ ಅವರ ಬಾಯಿಮಾತೇ ಆಧಾರ. ಅಂಥ ಕಡೆ ಬಲ್ಲವನು ಏನು ಹೇಳಬೇಕು, ಕೇಳುವವನು ಎಷ್ಟು ನಂಬಬೇಕು? ಈ ಪ್ರಶ್ನೆ ಉತ್ತರ ಕನ್ನಡದ ಕರಾವಳಿಗೆ ಹೊಸದೇನಲ್ಲ. ಐದು ಶತಮಾನಗಳ ಹಿಂದೆ ಇದೇ ದಡದಲ್ಲಿ ಕುದುರೆ ವ್ಯಾಪಾರದ ರೂಪದಲ್ಲಿ ಅದು ಬಂದಿತ್ತು.

ವಿಜಯನಗರದ ಕಾಲದಲ್ಲಿ ಭಟ್ಕಳ ಮತ್ತು ಹೊನ್ನಾವರ ಹೆಸರುವಾಸಿ ಬಂದರುಗಳಾಗಿದ್ದವು. ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್‌ನಿಂದ ಬರುವ ಹಡಗುಗಳು ಕುದುರೆಗಳನ್ನು ತಂದು ಇಳಿಸುತ್ತಿದ್ದವು. ಮರಳುವಾಗ ಅಕ್ಕಿ, ಸಕ್ಕರೆ, ಕಬ್ಬಿಣ ತುಂಬಿಕೊಂಡು ಹೋಗುತ್ತಿದ್ದವು. 16ನೇ ಶತಮಾನದ ಆರಂಭದಲ್ಲಿ ಈ ತೀರವನ್ನು ಬಲ್ಲ ಪೋರ್ಚುಗೀಸ್ ಬರಹಗಾರ ಡುವಾರ್ಟೆ ಬಾರ್ಬೋಸಾ ಭಟ್ಕಳದ ಈ ವ್ಯಾಪಾರವನ್ನು ವರ್ಣಿಸಿದ್ದಾನೆ. ಘಟ್ಟದ ಮೇಲಿನ ರಾಜ್ಯಕ್ಕೆ ಸೈನ್ಯದ ಬಲವೆಂದರೆ ಕುದುರೆ. ಆ ಕುದುರೆ ಬರುವ ದಾರಿ ಸಮುದ್ರ.

ಸಮುದ್ರದ ದಾರಿಯಲ್ಲಿ ಎಷ್ಟೋ ಕುದುರೆಗಳು ಸಾಯುತ್ತಿದ್ದವು. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಇನ್ನೊಬ್ಬ ಪೋರ್ಚುಗೀಸ್, ಕುದುರೆ ವ್ಯಾಪಾರದ ಒಳಹೊರಗು ಬಲ್ಲ ಫೆರ್ನಾವೋ ನೂನಿಜ್, ತನಗಿಂತ ಅರ್ಧ ಶತಮಾನದಷ್ಟು ಹಿಂದಿನ ಅರಸು ಸಾಳುವ ನರಸಿಂಹನ ಬಗ್ಗೆ ಒಂದು ಸೋಜಿಗದ ಸಂಗತಿ ಬರೆದಿಟ್ಟಿದ್ದಾನೆ. ಅರಸು ಸಾವಿರ ಪರ್ದಾವ್ ನಾಣ್ಯಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ. ಬದುಕಿದ್ದ ಕುದುರೆಗೆ ಮಾತ್ರವಲ್ಲ, ಹಡಗಿನಲ್ಲೇ ಸತ್ತ ಕುದುರೆಗೂ ಅದೇ ಬೆಲೆ! ಸತ್ತದ್ದರ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು.

ಮೇಲ್ನೋಟಕ್ಕೆ ಇದು ದುಂದುಗಾರಿಕೆ. ಸ್ವಲ್ಪ ಯೋಚಿಸಿದರೆ ಅರಸನ ಜಾಣತನ ಕಾಣುತ್ತದೆ. ನಷ್ಟವೆಲ್ಲ ವ್ಯಾಪಾರಿಯ ತಲೆಗೇ ಬಂದರೆ ಅವನು ಮುಂದಿನ ಸಲ ಇತ್ತ ಹಡಗು ತಿರುಗಿಸಲಾರ. ಆದ್ದರಿಂದ ಅರಸು ನಷ್ಟವನ್ನು ತಾನು ಹೊತ್ತ. ಆದರೆ ಬರಿಯ ಬಾಯಿಮಾತಿಗೆ ಹೊರಲಿಲ್ಲ; ಬಾಲ ತೋರಿಸು ಎಂದ.

ಕನ್ನಡದಲ್ಲಿ ‘ಕುದುರೆ ಬಾಲಕ್ಕೆ ಹಣ ಕಟ್ಟುವುದು’ ಎಂಬ ನುಡಿಗಟ್ಟಿದೆ. ರೇಸಿಗೆ ಬಿದ್ದು ಮನೆಮಾರು ಕಳೆದವರ ಕುರಿತು ಹಿರಿಯರು ಆಡುವ ಮಾತು ಅದು. ಆ ನುಡಿಗಟ್ಟಿಗೂ ಸಾಳುವ ನರಸಿಂಹನಿಗೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಅರಸನ ಕೈಗೆ ಕೊನೆಗೆ ಬಾಲವಾದರೂ ಬರುತ್ತಿತ್ತು. ಇಂದು ಹಣ ಕಟ್ಟುವವನ ಕೈಗೆ ಅದೂ ಬರುವುದಿಲ್ಲ.

ಬಸ್ ನಿಲ್ದಾಣದ ಗುಟ್ಟು

ಉತ್ತರ ಕನ್ನಡದಲ್ಲಿ ರೇಸ್ ಕೋರ್ಸ್ ಇಲ್ಲ. ಕರ್ನಾಟಕದ ಪ್ರಸಿದ್ಧ ರೇಸ್ ಕೋರ್ಸುಗಳು ಬೆಂಗಳೂರು ಮತ್ತು ಮೈಸೂರಿನಲ್ಲಿವೆ. ಆದರೂ ಬಾಜಿಯ ಮಾತು ಘಟ್ಟ ಇಳಿದು ಬರದೆ ಇಲ್ಲ. ಹಿಂದೆ ಅದು ಓಸಿ ಚೀಟಿಯ ರೂಪದಲ್ಲಿ ಗೂಡಂಗಡಿಯ ಹಿಂಬದಿಯಲ್ಲಿತ್ತು. ಈಗ ಕಿಸೆಯ ಫೋನಿಗೇ ಬಂದು ಕುಳಿತಿದೆ.

ಹೊನ್ನಾವರದ ಬಸ್ ನಿಲ್ದಾಣದಲ್ಲಿ ಭಟ್ಕಳದ ಬಸ್ಸಿಗೆ ಕಾದು ನಿಂತ, ಪದವಿ ತರಗತಿಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಕಿಸೆಯಲ್ಲಿ ಪರೀಕ್ಷೆಯ ಫೀಸಿನ ಹಣವಿದೆ. ಪರಿಚಯದ ಹಿರಿಯನೊಬ್ಬ ಹತ್ತಿರ ಬಂದು ಫೋನು ತೋರಿಸುತ್ತಾನೆ.

‘ತಮಾ, ಇದು ಗಾಳಿಸುದ್ದಿ ಅಲ್ಲ. ಕುದುರೆ ಮೇಲೆ ಕೂರುವ ಜಾಕಿಯೇ ಹೇಳಿದ್ದಂತೆ. ಐದುನೂರು ಹಾಕು, ಸಂಜೆಗೆ ಮೂರು ಸಾವಿರ.’

‘ಇದು ಫೀಸಿನ ದುಡ್ಡು, ಅಣ್ಣಾ.’

‘ಫೀಸು ನಾಳೆ ಕಟ್ಟಿದರೂ ಆಯ್ತಲ್ಲ. ಕುದುರೆ ನಾಳೆ ಓಡ್ತದಾ?’

ಇಲ್ಲಿ ಹುಡುಗನನ್ನು ಬೀಳಿಸುವುದು ಮೂರು ಸಾವಿರದ ಆಸೆಯೊಂದೇ ಅಲ್ಲ. ‘ಜಾಕಿಯೇ ಹೇಳಿದ್ದು’ ಎಂಬ ಮಾತಿಗೆ ಅದಕ್ಕಿಂತ ಹೆಚ್ಚಿನ ಬಲವಿದೆ. ಊರಿಗೆಲ್ಲ ಗೊತ್ತಿಲ್ಲದ ಗುಟ್ಟು ತನಗೆ ಗೊತ್ತಾಯಿತು ಎಂಬ ಹೆಮ್ಮೆಯನ್ನು ಅದು ಕೊಡುತ್ತದೆ. ಆದ್ದರಿಂದ ಈ ಒಂದು ಮಾತನ್ನು ಬಿಡಿಸಿ ನೋಡುವುದು ಅಗತ್ಯ. ಜಾಕಿಗೆ ಏನು ಗೊತ್ತಿರುತ್ತದೆ? ಗೊತ್ತಿದ್ದುದನ್ನು ಅವನು ಹೇಳುತ್ತಾನೆಯೇ? ಅವನು ಹೇಳಿದ್ದೇ ಈ ಹುಡುಗನ ಕಿವಿಗೆ ಬಿತ್ತೇ?

ಬಲ್ಲವನು ಎಷ್ಟು ಬಲ್ಲ?

ರೇಸಿನ ಕುದುರೆಯ ಹಿಂದೆ ಮೂವರು ಮುಖ್ಯರು. ಹಣ ಹಾಕಿ ಕುದುರೆ ಕೊಂಡ ಮಾಲೀಕ. ಅದನ್ನು ಲಾಯದಲ್ಲಿಟ್ಟು ಸಾಕಿ ಪಳಗಿಸುವ ಟ್ರೇನರ್. ಓಟದ ದಿನ ಅದರ ಬೆನ್ನೇರುವ ಜಾಕಿ. ಕುದುರೆ ಮೇವು ಬಿಟ್ಟಿತೇ, ಕಾಲಿನಲ್ಲಿ ನೋವಿದೆಯೇ, ಬೆಳಗಿನ ಅಭ್ಯಾಸದಲ್ಲಿ ಎಷ್ಟು ಸೆಕೆಂಡಿಗೆ ಎಷ್ಟು ದೂರ ಓಡಿತು ಎಂಬುದೆಲ್ಲ ಟ್ರೇನರ್‌ಗೆ ತಿಳಿದಿರುತ್ತದೆ. ಅದು ಮುಂದೆ ನುಗ್ಗಿ ಓಡಲು ಇಷ್ಟಪಡುತ್ತದೆಯೇ, ಹಿಂದಿದ್ದು ಕೊನೆಗೆ ಚುರುಕಾಗುತ್ತದೆಯೇ, ಎಲ್ಲಿ ಉಸಿರು ಸೋಲುತ್ತದೆ ಎಂಬುದು ಲಗಾಮು ಹಿಡಿದ ಜಾಕಿಯ ಕೈಗೆ ತಿಳಿಯುತ್ತದೆ.

ಇಷ್ಟು ಬಲ್ಲವರು ಗೆಲುವನ್ನು ಮಾತ್ರ ಬಲ್ಲರೇ? ಇಲ್ಲ. ಏಕೆಂದರೆ ಅವರು ಬಲ್ಲದ್ದು ತಮ್ಮ ಒಂದು ಕುದುರೆಯನ್ನು. ಓಡುವುದು ಹತ್ತು ಕುದುರೆಗಳು. ಉಳಿದ ಒಂಬತ್ತರ ಲಾಯದಲ್ಲಿ ಏನು ನಡೆದಿದೆ ಎಂಬುದು ಹೊರಗಿನವರಷ್ಟೇ ಇವರಿಗೂ ಅಸ್ಪಷ್ಟ. ಅತಿ ಹೆಚ್ಚು ಜನ ಹಣ ಕಟ್ಟಿದ ಕುದುರೆಗೆ ‘ಫೇವರಿಟ್’ ಎನ್ನುತ್ತಾರೆ. ಇಂಗ್ಲೆಂಡ್ ಮತ್ತು ಅಮೆರಿಕದ ರೇಸುಗಳ ಬಹುಕಾಲದ ಅನುಭವದಂತೆ ಫೇವರಿಟ್ ಗೆಲ್ಲುವುದು ಸುಮಾರಾಗಿ ಮೂರು ಓಟಗಳಲ್ಲಿ ಒಂದನ್ನು. ಬಲ್ಲವರೂ ಬಲ್ಲೆವೆನ್ನುವವರೂ ಸೇರಿ ಆರಿಸಿದ ಕುದುರೆ ಮೂರರಲ್ಲಿ ಎರಡು ಸಲ ಸೋಲುತ್ತದೆ ಎಂದರೆ ‘ಖಚಿತ’ ಎಂಬ ಶಬ್ದಕ್ಕೆ ರೇಸ್ ಕೋರ್ಸಿನಲ್ಲಿ ಜಾಗವಿಲ್ಲ ಎಂದೇ ಅರ್ಥ.

ಹೀಗಾಗಿ ಪ್ರಾಮಾಣಿಕ ಟ್ರೇನರ್ ಹೇಳಬಹುದಾದ ಅತಿ ದೊಡ್ಡ ಮಾತೆಂದರೆ ‘ನಮ್ಮ ಕುದುರೆ ಚೆನ್ನಾಗಿದೆ, ಗೆಲ್ಲಬಹುದು’ ಎಂಬುದು. ಆ ‘ಗೆಲ್ಲಬಹುದು’ ಬಾಯಿಂದ ಬಾಯಿಗೆ ಬೆಂಗಳೂರಿನಿಂದ ಹೊನ್ನಾವರಕ್ಕೆ ಬರುವಷ್ಟರಲ್ಲಿ ‘ಗೆಲ್ಲುತ್ತದೆ’ ಎಂದಾಗಿರುತ್ತದೆ. ಸುಳ್ಳು ಹೇಳಿದವರು ಯಾರು ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ಒಂದು ಪ್ರತ್ಯಯ ಬದಲಾಯಿತು, ಅಷ್ಟೇ.

ಮೌನ, ಊಹೆ, ಸುಳ್ಳು

ಬಲ್ಲವನ ಬಾಯಿಂದ ಬರುವುದರಲ್ಲಿ ಮೂರು ಬಗೆ. ಮೊದಲನೆಯದು ಮೌನ. ಟ್ರೇನರ್‌ಗೆ ಸಂಬಳ ಕೊಡುವವನು ಮಾಲೀಕ. ಕುದುರೆಯ ಕುರಿತ ಎಲ್ಲವನ್ನೂ ಬೀದಿಗೆ ಹೇಳುವ ಹೊಣೆ ಅವನಿಗಿಲ್ಲ. ವೈದ್ಯ ರೋಗಿಯ ಗುಟ್ಟು ಕಾಯುವಂತೆ ಇದೂ ಒಂದು ಕಟ್ಟುಪಾಡು. ಮೌನ ಅಪ್ರಾಮಾಣಿಕತೆಯಲ್ಲ. ಎರಡನೆಯದು ಊಹೆ. ಗೆಲ್ಲಬಹುದು ಎಂದು ನಂಬಿ ಹೇಳಿದ, ಕುದುರೆ ಸೋತಿತು. ಇದೂ ಅಪ್ರಾಮಾಣಿಕತೆಯಲ್ಲ. ಮೂರನೆಯದು ಸುಳ್ಳು. ಈ ದಿನ ಗೆಲ್ಲುವ ಉದ್ದೇಶವೇ ಇಲ್ಲದ ಕುದುರೆಯನ್ನು ಗೆಲ್ಲುತ್ತದೆಂದು ಹೊಗಳುವುದು, ಅಥವಾ ಗೆಲ್ಲುವ ಕುದುರೆಯನ್ನು ಕುಂಟು ಎನ್ನುವುದು. ದ್ರೋಹವೆಂದರೆ ಇದು.

ಸುಳ್ಳಿನ ಆಮಿಷ ಎಲ್ಲಿಂದ ಹುಟ್ಟುತ್ತದೆ? ರೇಸಿನ ಏರ್ಪಾಡಿನಲ್ಲೇ ಅದರ ಒಂದು ಮೂಲವಿದೆ. ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶ ಸಮನಾಗಿರಲೆಂದು ಚೆನ್ನಾಗಿ ಓಡುವ ಕುದುರೆಯ ಬೆನ್ನಿಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ ಹೊರಿಸುತ್ತಾರೆ. ಜಾಕಿಯ ತೂಕ ಸಾಲದಿದ್ದರೆ ಜೀನಿನಲ್ಲಿ ಸೀಸದ ತುಂಡುಗಳನ್ನು ಇಟ್ಟು ಸರಿಹೊಂದಿಸುತ್ತಾರೆ. ಪ್ರತಿ ಗೆಲುವಿನಿಂದಲೂ ಮುಂದಿನ ಓಟದ ಭಾರ ಹೆಚ್ಚುತ್ತದೆ. ಈ ಪದ್ಧತಿ ನ್ಯಾಯದ್ದೇ. ಆದರೆ ಒಂದೆರಡು ಓಟಗಳಲ್ಲಿ ಕುದುರೆಯನ್ನು ಬೇಕೆಂದೇ ಹಿಡಿದು ಓಡಿಸಿ, ಭಾರ ಇಳಿಸಿಕೊಂಡು, ಬಾಜಿಯ ದರ ಏರಿದ ಮೇಲೆ ಬಿಟ್ಟು ಓಡಿಸುವ ಕಳ್ಳದಾರಿಯೂ ಇಲ್ಲಿಯೇ ತೆರೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಬೇಕೆಂದೇ ಕಡಿಮೆ ಅಂಕ ತೆಗೆದು, ಹಿಂದುಳಿದವರ ವಿಶೇಷ ಬಹುಮಾನಕ್ಕೆ ಕೈಚಾಚುವ ವಿದ್ಯಾರ್ಥಿಯಂತೆ ಇದು.

ಇದನ್ನು ತಡೆಯಲೆಂದೇ ನಿಯಮಗಳಿವೆ. ಪ್ರತಿ ಕುದುರೆಯನ್ನೂ ಅದರ ಪೂರ್ಣ ಯೋಗ್ಯತೆಗೆ ತಕ್ಕಂತೆ ಓಡಿಸಬೇಕು. ಜಾಕಿ ಬಾಜಿ ಕಟ್ಟಬಾರದು. ಸ್ಟೀವರ್ಡ್‌ಗಳೆಂಬ ಹಿರಿಯರು ಓಟವನ್ನು ಗಮನಿಸಿ, ಚಿತ್ರೀಕರಣವನ್ನು ಮತ್ತೆ ನೋಡಿ, ಅನುಮಾನ ಬಂದರೆ ಜಾಕಿ ಮತ್ತು ಟ್ರೇನರ್ ಇಬ್ಬರನ್ನೂ ಕರೆದು ವಿಚಾರಿಸುತ್ತಾರೆ. ತಪ್ಪು ಕಂಡರೆ ದಂಡ, ಅಮಾನತು, ರೇಸ್ ಕೋರ್ಸಿನಿಂದ ಬಹಿಷ್ಕಾರ. ಇಲ್ಲೊಂದು ಸೂಕ್ಷ್ಮವಿದೆ. ಈ ನಿಯಮಗಳು ಮುಖ್ಯವಾಗಿ ಕಾಯುವುದು ಜಾಕಿಯ ಕೈಯನ್ನು. ನಾಲಿಗೆಯನ್ನು ಕಾಯುವುದು ಯಾರಿಗೂ ಸುಲಭವಲ್ಲ.

ಈ ಜಗಳ ಬಹಳ ಹಳೆಯದು. 1791ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಅಲ್ಲಿಯ ಯುವರಾಜನ ‘ಎಸ್ಕೇಪ್’ ಎಂಬ ಕುದುರೆ ಒಂದು ದಿನ ಸೋತು, ಮರುದಿನವೇ ಗೆದ್ದಿತು. ಎರಡೂ ದಿನ ಸವಾರ ಸ್ಯಾಮ್ಯುಯೆಲ್ ಚಿಫ್ನಿ. ಮೊದಲ ದಿನದ ಸೋಲಿನಿಂದ ಮರುದಿನದ ಬಾಜಿಯ ದರ ಏರಿತ್ತು. ಜನ ಗುಲ್ಲೆಬ್ಬಿಸಿದರು. ಕುದುರೆಯ ಮೈ ಮೊದಲ ದಿನ ಹದವಾಗಿರಲಿಲ್ಲ, ಆ ಓಟದಿಂದಲೇ ಹದಗೊಂಡಿತು ಎಂಬುದು ಚಿಫ್ನಿಯ ವಾದ. ಜಾಕಿ ಕ್ಲಬ್ಬಿನ ಸ್ಟೀವರ್ಡ್ ಸರ್ ಚಾರ್ಲ್ಸ್ ಬನ್ಬರಿ ಒಪ್ಪಲಿಲ್ಲ. ಚಿಫ್ನಿ ಸವಾರಿ ಮಾಡುವುದಾದರೆ ಯುವರಾಜನ ಕುದುರೆಯ ಎದುರು ಯಾವ ಗೃಹಸ್ಥನೂ ತನ್ನ ಕುದುರೆ ಓಡಿಸಲಾರನೆಂದು ತಿಳಿಸಿದ. ಯುವರಾಜ ಸಿಟ್ಟಾಗಿ ನ್ಯೂಮಾರ್ಕೆಟ್ಟನ್ನೇ ಬಿಟ್ಟ. ಚಿಫ್ನಿ ತನ್ನ ಸಮರ್ಥನೆಗೆ ಪುಸ್ತಕವನ್ನೇ ಬರೆದ. ಇಂದಿಗೂ ಆ ದಿನದ ನಿಜ ಯಾರಿಗೂ ತಿಳಿಯದು. ಕುದುರೆಯ ಮೈ ಹದವಾಗಿತ್ತೇ ಎಂಬುದಕ್ಕೆ ಎತ್ತಿ ನೋಡಲು ಕಿವಿರು ಇರಲಿಲ್ಲ.

ಬೆಂಗಳೂರಿಗೆ ಬಂದರೆ, 2017ರಲ್ಲಿ ಅಲ್ಲಿ ಓಡಿ ಗೆದ್ದ ‘ಕ್ವೀನ್ ಸ್ಪೈಡರ್’ ಎಂಬ ಕುದುರೆಯ ಮೂತ್ರದ ಮಾದರಿಯಲ್ಲಿ ಪ್ರೊಕೇನ್ ಎಂಬ ನಿಷಿದ್ಧ ಪದಾರ್ಥ ಕಂಡುಬಂದಿತೆಂಬ ವಿಷಯ ದೊಡ್ಡ ಸುದ್ದಿಯಾಯಿತು. ಪೊಲೀಸ್ ದೂರು, ಸಿಐಡಿ ತನಿಖೆಯವರೆಗೂ ಮಾತು ಹೋಯಿತು. ಪ್ರೊಕೇನ್ ನೋವು ಮರೆಸುವ ಔಷಧಿ. ಒಂದು ಬಗೆಯ ಪೆನಿಸಿಲಿನ್ ಚುಚ್ಚುಮದ್ದಿನಲ್ಲಿಯೂ ಅದು ಇರುತ್ತದೆ. ಆದ್ದರಿಂದ ಮಾದರಿಯಲ್ಲಿ ಕಂಡಿತು ಎಂದಮಾತ್ರಕ್ಕೆ ಯಾರ ಮೇಲೂ ತಪ್ಪು ಹೊರಿಸಲಾಗದು. ಆದರೆ ಆ ದಿನ ಹಣ ಕಟ್ಟಿದ ಸಾಮಾನ್ಯನ ಸ್ಥಿತಿಯನ್ನು ನೆನೆಯಬೇಕು. ಓಟ ಮುಗಿಯಿತು, ಹಣ ಹಂಚಿಯಾಯಿತು. ಕುದುರೆಯ ರಕ್ತದಲ್ಲಿ ಏನಿತ್ತು ಎಂಬ ಚರ್ಚೆ ಅವನ ಕಿವಿಗೆ ಬಿದ್ದುದು ಅದರ ನಂತರ.

640 ಫೋನುಗಳ ಲೆಕ್ಕ

ಇನ್ನು ಬಸ್ ನಿಲ್ದಾಣದ ಗುಟ್ಟಿಗೆ ಮರಳೋಣ. ಒಂದು ವೇಳೆ ಜಾಕಿಗೆ ನಿಜವಾದ ಗುಟ್ಟು ಗೊತ್ತಿದೆ ಎಂದೇ ಇಟ್ಟುಕೊಳ್ಳೋಣ. ಅದನ್ನು ಕಾಣದ ಊರಿನ ಕಾಣದ ಹುಡುಗನಿಗೆ ಅವನು ಏಕೆ ಹೇಳಬೇಕು? ಗುಟ್ಟು ಹಬ್ಬಿದಷ್ಟೂ ಆ ಕುದುರೆಗೆ ಹಣ ಕಟ್ಟುವವರು ಹೆಚ್ಚುತ್ತಾರೆ. ಹೆಚ್ಚಿದಷ್ಟೂ ದರ ಇಳಿಯುತ್ತದೆ. ಒಂದಕ್ಕೆ ಹತ್ತು ಸಿಗುವಲ್ಲಿ ಎರಡು ಸಿಕ್ಕೀತು. ಬೆಲೆಯುಳ್ಳ ಗುಟ್ಟನ್ನು ಯಾರೂ ಹಂಚುವುದಿಲ್ಲ. ಹಂಚಿದ ಗುಟ್ಟಿಗೆ ಬೆಲೆ ಉಳಿಯುವುದಿಲ್ಲ.

ಹಾಗಾದರೆ ‘ಅವರು ಹೇಳಿದ್ದು ಎರಡು ಸಲ ಸರಿಯಾಗಿತ್ತಲ್ಲ’ ಎನ್ನುವವರಿಗೆ ಏನು ಹೇಳುವುದು? ಇದಕ್ಕೆ ಹೈಸ್ಕೂಲಿನ ಗಣಿತ ಸಾಕು. ಒಬ್ಬ ಮೋಸಗಾರನ ಬಳಿ 640 ಫೋನ್ ನಂಬರುಗಳಿವೆ. ಓಡುವ ಕುದುರೆಗಳು 8. ನಂಬರುಗಳನ್ನು 80ರಂತೆ ಎಂಟು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಕುದುರೆಯ ಹೆಸರನ್ನು ‘ಜಾಕಿಯೇ ಹೇಳಿದ್ದು’ ಎಂದು ಕಳಿಸುತ್ತಾನೆ. ಯಾವುದೇ ಕುದುರೆ ಗೆದ್ದರೂ 80 ಮಂದಿಗೆ ಸರಿಯಾದ ಹೆಸರು ಹೋಗಿರುತ್ತದೆ. ಉಳಿದ 560 ಮಂದಿಯನ್ನು ಅವನು ಕೈಬಿಡುತ್ತಾನೆ. ಮುಂದಿನ ಓಟಕ್ಕೂ 8 ಕುದುರೆಗಳು; 80 ಮಂದಿಯನ್ನು 10ರಂತೆ ಎಂಟು ಗುಂಪು. ಓಟ ಮುಗಿದಾಗ 10 ಮಂದಿಗೆ ಎರಡು ಸಲವೂ ಹೇಳಿದ್ದೇ ಆಗಿರುತ್ತದೆ. ಆ ಹತ್ತು ಮಂದಿ ಮೂರನೆಯ ಸಲ ಸಾಲ ಮಾಡಿಯಾದರೂ ಹಣ ಕಳಿಸುತ್ತಾರೆ. ಮೋಸಗಾರನಿಗೆ ಜಾಕಿಯ ಪರಿಚಯವೂ ಇಲ್ಲ, ಕುದುರೆಯ ಬಣ್ಣವೂ ಗೊತ್ತಿಲ್ಲ. ಭಾಗಾಕಾರ ಮಾತ್ರ ಗೊತ್ತು.

ಮೋಸವೇ ಇಲ್ಲದ ಕಡೆಯೂ ಲೆಕ್ಕ ಬಾಜಿ ಕಟ್ಟುವವನ ಪರವಾಗಿಲ್ಲ. ಎಲ್ಲರೂ ಕಟ್ಟಿದ ಹಣದಿಂದ ತೆರಿಗೆ, ಕಮಿಷನ್ ಕಳೆದು ಉಳಿದುದನ್ನು ಗೆದ್ದವರಿಗೆ ಹಂಚುತ್ತಾರೆ. ಉದಾಹರಣೆಗೆ ನೂರು ರೂಪಾಯಿಯಲ್ಲಿ ಎಪ್ಪತ್ತೈದು ಮರಳಿ ಬರುವುದೆಂದು ಹಿಡಿಯೋಣ. ಬಂದುದನ್ನೆಲ್ಲ ಮತ್ತೆ ಮತ್ತೆ ಕಟ್ಟಿದರೆ ಸರಾಸರಿಯಲ್ಲಿ 100 ರೂಪಾಯಿ ಮೊದಲು 75, ಆಮೇಲೆ 56, ಆಮೇಲೆ 42, ಆಮೇಲೆ 32, ಐದನೆಯ ಸಲಕ್ಕೆ 24ಕ್ಕೂ ಕಡಿಮೆ. ನಡುವೆ ಯಾರೋ ಒಬ್ಬ ಗೆದ್ದು ಊರಿಗೆಲ್ಲ ಚಹಾ ಕುಡಿಸುತ್ತಾನೆ. ಸೋತವರು ಚಹಾ ಕುಡಿಸುವುದಿಲ್ಲವಾದ್ದರಿಂದ ಅವರ ಸುದ್ದಿ ಹಬ್ಬುವುದಿಲ್ಲ.

ಕ್ರಿಕೆಟ್ಟಿಗೂ ಬಂದ ರೋಗ

ಕುದುರೆ ಕಾಣದ ಊರಿನ ಹುಡುಗರೂ ಕ್ರಿಕೆಟ್ ಕಾಣುತ್ತಾರೆ. ಬಲ್ಲವನ ಮಾತಿಗೆ ಬೆಲೆ ಕಟ್ಟುವ ರೋಗ ಅಲ್ಲಿಗೂ ಬಂದಿತು. 1994ರ ಶ್ರೀಲಂಕಾ ಪ್ರವಾಸದಲ್ಲಿ ‘ಜಾನ್’ ಎಂದು ಹೇಳಿಕೊಂಡ ಬುಕ್ಕಿಯೊಬ್ಬ ಆಸ್ಟ್ರೇಲಿಯಾದ ಶೇನ್ ವಾರ್ನ್ ಮತ್ತು ಮಾರ್ಕ್ ವಾ ಅವರಿಗೆ ಹಣ ಕೊಟ್ಟ. ಅವರು ಅವನಿಗೆ ಹೇಳಿದ್ದು ಪಿಚ್ಚು ಹೇಗಿದೆ, ಹವೆ ಹೇಗಿದೆ ಎಂಬುದನ್ನು ಮಾತ್ರ. 1995ರಲ್ಲಿ ಅಲ್ಲಿನ ಕ್ರಿಕೆಟ್ ಮಂಡಳಿ ಇಬ್ಬರಿಗೂ ದಂಡ ಹಾಕಿತು, ಆದರೆ ಗುಟ್ಟಾಗಿ. ಜನರಿಗೆ ಅದು ತಿಳಿದದ್ದು 1998ರ ಕೊನೆಯಲ್ಲಿ. ತಾವು ಪೆದ್ದತನ ಮಾಡಿದೆವು ಎಂದು ಆಟಗಾರರಿಬ್ಬರೂ ಒಪ್ಪಿಕೊಂಡರು. ಅವರು ಯಾವ ಪಂದ್ಯವನ್ನೂ ಸೋಲಿಸಲಿಲ್ಲ, ನಿಜ. ಆದರೆ ಆಟ ನೋಡುವವರಿಗೆ ಹೇಳದ್ದನ್ನು ಹಣ ಕೊಟ್ಟವನಿಗೆ ಹೇಳುವುದೇ ಆ ಏಣಿಯ ಮೊದಲ ಮೆಟ್ಟಿಲು.

ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಬಾಜಿ ಮತ್ತು ಮೋಸದಾಟ ನಡೆಯಿತೆಂಬ ಆರೋಪದ ಮೇಲೆ 2019ರಲ್ಲಿ ಬೆಂಗಳೂರು ಪೊಲೀಸರು ತಂಡವೊಂದರ ಮಾಲೀಕರನ್ನೂ ಆಟಗಾರರನ್ನೂ ಬಂಧಿಸಿದರು. ಪ್ರಕರಣ ಹೈಕೋರ್ಟಿಗೆ ಹೋಯಿತು. 2022ರ ಜನವರಿಯಲ್ಲಿ ನ್ಯಾಯಾಲಯ ಕೆಲವು ಆರೋಪಿಗಳ ಮೇಲಿನ ಪ್ರಕರಣವನ್ನು ರದ್ದುಪಡಿಸಿತು. ಪ್ರೇಕ್ಷಕರಿಗೆ ಮೋಸಹೋದೆವು ಎನಿಸಬಹುದು. ಆದರೆ ಅವರು ಟಿಕೆಟ್ ಕೊಂಡದ್ದು ಸ್ವಂತ ಇಚ್ಛೆಯಿಂದ. ಮೋಸದಾಟ ಆಟಗಾರನ ಅಪ್ರಾಮಾಣಿಕತೆಯನ್ನು ತೋರಿಸೀತು, ಅದಕ್ಕೆ ಕ್ರಿಕೆಟ್ ಮಂಡಳಿ ಕ್ರಮ ಕೈಗೊಳ್ಳಬಹುದು. ಅದು ದಂಡ ಸಂಹಿತೆಯ 420ನೇ ಕಲಮಿನ ವಂಚನೆ ಆಗುವುದಿಲ್ಲ ಎಂಬುದು ತೀರ್ಪಿನ ಸಾರಾಂಶ.

ಟಿಕೆಟ್ ಕೊಂಡವನ ಸ್ಥಿತಿಯೇ ಹೀಗಾದರೆ ಬಾಜಿ ಕಟ್ಟಿದವನ ಗತಿ ಏನು? ಅವನಿಗಂತೂ ಕಾನೂನು ಹಿಂದಿನಿಂದಲೂ ಬಾಗಿಲು ಮುಚ್ಚಿದೆ. 1872ರ ಕರಾರು ಕಾಯ್ದೆಯ 30ನೇ ಕಲಮಿನಂತೆ ಬಾಜಿಯ ಕರಾರು ಅಸಿಂಧು; ಗೆದ್ದ ಹಣ ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ. ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ನಿಜ. ಆದರೆ ಆ ರಿಯಾಯಿತಿ ಪರವಾನಗಿಯುಳ್ಳ ರೇಸಿಗೆ. ಬಸ್ ನಿಲ್ದಾಣದಲ್ಲಿ ಫೋನು ಹಿಡಿದು ಹಣ ಎತ್ತುವವನಿಗೆ ಅಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿದೆ. ಆದರೆ ಕಾಯ್ದೆ ಬಂದಮಾತ್ರಕ್ಕೆ ಕಿವಿಯಲ್ಲಿ ಗುಟ್ಟು ಊದುವವರು ಇಲ್ಲವಾಗುವುದಿಲ್ಲ.

ಬಾಲ ತೋರಿಸುವ ಧೈರ್ಯ

ಆ ಹುಡುಗನ ಐದುನೂರು ಹೋಯಿತು ಎಂದಿಟ್ಟುಕೊಳ್ಳೋಣ. ಅಲ್ಲಿಗೆ ಕತೆ ಮುಗಿದರೆ ಚಿಂತೆಯಿಲ್ಲ. ಐದುನೂರಕ್ಕೆ ಒಂದು ಪಾಠ ಕಲಿತ ಎನ್ನಬಹುದು. ಆದರೆ ಸಂಜೆ ಮನೆಯಲ್ಲಿ ಆಯಿ ಕೇಳುತ್ತಾಳೆ, ‘ಫೀಸು ಕಟ್ಟಿದ್ಯಾ ಮಗಾ?’ ‘ಹೌದು’ ಎನ್ನುತ್ತಾನೆ. ಆ ಕ್ಷಣದಲ್ಲಿ ಜಾಕಿಯ ಹೆಸರಿನಲ್ಲಿ ಹೊರಟ ಸುಳ್ಳು ಭಟ್ಕಳದ ಒಂದು ಮನೆಯೊಳಗೆ ಬಂದು ಕುಳಿತಂತಾಯಿತು. ಈಗ ಬಲ್ಲವನು ಮಗ. ಅವನ ಬಾಯಿಮಾತನ್ನು ನಂಬಿ ಹಣ ಕೊಟ್ಟವರು ತಾಯಿತಂದೆ. ‘ಹೌದು’ ಎಂಬುದನ್ನು ಉಳಿಸಿಕೊಳ್ಳಲು ಗೆಳೆಯನಿಂದ ಐದುನೂರು ಸಾಲ. ಸಾಲ ತೀರಿಸಲು ಇನ್ನೊಂದು ಗುಟ್ಟು. ಹಣ ಕಳೆದುಕೊಂಡವನು ಮರಳಿ ಪಡೆಯುವ ಹಟದಲ್ಲಿ ಕಳೆದುಕೊಳ್ಳುವುದೇ ಹೆಚ್ಚು.

ಜಾಕಿಯಿಂದ, ಟ್ರೇನರ್‌ನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವ ಹಕ್ಕು ಜನರಿಗೆ ಇದ್ದೇ ಇದೆ. ಅದನ್ನು ನೋಡಿಕೊಳ್ಳಲು ಸ್ಟೀವರ್ಡ್‌ಗಳಿದ್ದಾರೆ, ಪ್ರಯೋಗಾಲಯಗಳಿವೆ, ಪೊಲೀಸರಿದ್ದಾರೆ. ಮನೆಯೊಳಗಿನ ಪ್ರಾಮಾಣಿಕತೆಗೆ ಅಂಥ ಕಾವಲುಗಾರರಿಲ್ಲ. ಅದು ನಿಂತಿರುವುದು ಒಂದೇ ಸಂಗತಿಯ ಮೇಲೆ: ನಿಜ ಹೇಳಿದರೆ ಏನಾದೀತು ಎಂಬ ಅಂಜಿಕೆ ದೊಡ್ಡದೋ, ಹೇಳಿಬಿಡಬಹುದು ಎಂಬ ವಿಶ್ವಾಸ ದೊಡ್ಡದೋ?

ಇಲ್ಲಿ ಸಾಳುವ ನರಸಿಂಹನ ನೆನಪು ಮತ್ತೆ ಬರುತ್ತದೆ. ಸತ್ತ ಕುದುರೆಯ ಬಾಲ ತಂದವನಿಗೆ ಅರಸು ಚಾಟಿಯೇಟು ಕೊಟ್ಟಿದ್ದರೆ ಯಾರೂ ಬಾಲ ತರುತ್ತಿರಲಿಲ್ಲ. ಕುದುರೆ ಸತ್ತ ಸುದ್ದಿಯೂ ದಡ ಮುಟ್ಟುತ್ತಿರಲಿಲ್ಲ. ಪಾಲಕರು ಕಲಿಯಬಹುದಾದ ರಾಜನೀತಿ ಇದು. ಮಗ ಬಂದು ‘ಅಪ್ಪಾ, ಫೀಸಿನ ಹಣ ಬಾಜಿಗೆ ಕಟ್ಟಿ ಕಳೆದೆ’ ಎಂದರೆ ಆ ಮಾತಿಗೆ ಐದುನೂರಕ್ಕಿಂತ ಹೆಚ್ಚಿನ ಬೆಲೆಯಿದೆ. ಮೊದಲು ಆ ಮಾತನ್ನು ಕೇಳಿಸಿಕೊಳ್ಳಬೇಕು. ಬುದ್ಧಿಮಾತಿಗೆ ಮರುದಿನವೂ ಸಮಯವಿರುತ್ತದೆ. ಹಾಗೆಂದು ಕಳೆದುದನ್ನು ಸುಮ್ಮನೆ ಮತ್ತೆ ಕೈಗೆ ಸುರಿಯಬೇಕಾಗಿಲ್ಲ. ಫೀಸನ್ನು ಪಾಲಕರೇ ಹೋಗಿ ಕಟ್ಟಬಹುದು. ಸಾಲ ಎಷ್ಟು, ಯಾರಿಗೆ ಎಂದು ಮಗನಿಂದಲೇ ಪಟ್ಟಿ ಬರೆಸಬಹುದು. ಅರಸು ಕೇಳಿದ ಬಾಲ ಇದೇ: ಮಾತಿನ ಜೊತೆಗೆ ಲೆಕ್ಕ. ಚಟ ಕೈಮೀರಿದೆ ಎನಿಸಿದರೆ ನಾಚಿಕೆ ಬಿಟ್ಟು ನೆರವು ಕೇಳಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ವಿದ್ಯಾರ್ಥಿಗಳಿಗೆ ಹೇಳಬೇಕಾದ್ದು ಇದಕ್ಕಿಂತ ಚಿಕ್ಕದು. ‘ಬಲ್ಲವರೇ ಹೇಳಿದ್ದು’ ಎಂದು ಯಾರಾದರೂ ಹಣ ಕೇಳಿದರೆ ಎರಡು ಪ್ರಶ್ನೆ ಹಾಕಬೇಕು. ಬಲ್ಲವರು ಇದನ್ನು ನನಗೇ ಏಕೆ ಹೇಳಿದರು? ಹೇಳಿದ್ದು ಸುಳ್ಳಾದರೆ ನಷ್ಟ ಯಾರದು? ಉತ್ತರ ತಡವರಿಸಿದರೆ ಬರಬೇಕಾದ ಬಸ್ಸು ಹತ್ತಿ ಊರಿಗೆ ಹೋಗುವುದೇ ಮೇಲು. ಬಂಗಡೆ ಕೊಳ್ಳುವಾಗ ಕಿವಿರು ಎತ್ತಿ ನೋಡುವ ಊರಿನ ಮಕ್ಕಳು ಫೀಸಿನ ಹಣಕ್ಕೆ ಅಷ್ಟು ಜಾಗ್ರತೆಯನ್ನಾದರೂ ತೋರಿಸಬೇಕು.